ಶಿರೋಯಿಶಿ ಕೋಟೆಯಲ್ಲಿ ಕೂಡಿದವರು

1868ರ ಜೂನ್ ಮೊದಲ ವಾರ. ಜಪಾನಿನ ಈಶಾನ್ಯದಲ್ಲಿರುವ ಇವಾನುಮಾ ಎಂಬ ಊರಿಗೆ ಇಬ್ಬರು ದೊರೆಗಳು ಅರ್ಜಿ ಹಿಡಿದು ಖುದ್ದಾಗಿ ಬಂದರು. ಒಬ್ಬ ಸೆಂದಾಯ್ ಸಂಸ್ಥಾನದ ದಾತೆ ಯೋಶಿಕುನಿ. ಇನ್ನೊಬ್ಬ ನೆರೆಯ ಯೊನೆಜಾವಾದ ಉಯೆಸುಗಿ ನಾರಿನೋರಿ. ಚಕ್ರವರ್ತಿಯ ಹೆಸರಿನಲ್ಲಿ ಉತ್ತರಕ್ಕೆ ಬಂದಿದ್ದ ಅಧಿಕಾರಿ ಕುಜೋ ಮಿಚಿತಾಕನಲ್ಲಿ ಅವರು ಬೇಡಿಕೊಂಡದ್ದು ಇಷ್ಟೇ: ಪಕ್ಕದ ಆಯಿಜು ಸಂಸ್ಥಾನವನ್ನು ಕ್ಷಮಿಸಬೇಕು.

ಈ ಇಬ್ಬರು ಒಂದೇ ಅರ್ಜಿಗೆ ಕೈಜೋಡಿಸಿದ್ದೇ ಆಶ್ಚರ್ಯ. ದಾತೆ ಮನೆತನದ ವೀರ ಮಸಾಮುನೆ ಹುಟ್ಟಿದ್ದು ಯೊನೆಜಾವಾದಲ್ಲಿ. ಆ ನೆಲ ಕೈತಪ್ಪಿ ಮುಂದೆ ಉಯೆಸುಗಿಗಳ ಪಾಲಾಯಿತು. 1600ರಲ್ಲಿ ಅದೇ ಮಸಾಮುನೆ ಉಯೆಸುಗಿಗಳಿಂದ ಶಿರೋಯಿಶಿ ಕೋಟೆಯನ್ನು ಕಿತ್ತುಕೊಂಡ. ಸುಮಾರು 270 ವರ್ಷಗಳ ಬಳಿಕ ಎರಡೂ ಮನೆತನಗಳ ಮಂತ್ರಿಗಳು ಉತ್ತರದ ಸಂಸ್ಥಾನಗಳನ್ನೆಲ್ಲ ಸಮಾಲೋಚನೆಗೆ ಕರೆದದ್ದು ಇದೇ ಶಿರೋಯಿಶಿಗೆ. ಹಳೆಯ ಹಗೆಯನ್ನು ಬದಿಗಿಡುವಷ್ಟು ದೊಡ್ಡ ಭಯ ಅವರನ್ನು ಕಾಡಿತ್ತು.

ಭಯದ ಮೂಲ ದಕ್ಷಿಣದಲ್ಲಿತ್ತು. ಶೋಗುನ್ ಎಂಬ ಸೇನಾಧಿಪತಿಗಳ ಆಡಳಿತ ಕುಸಿದು, ಸಾತ್ಸುಮಾ ಮತ್ತು ಚೋಶು ಎಂಬ ನೈಋತ್ಯದ ಸಂಸ್ಥಾನಗಳು 15ರ ಹರೆಯದ ಚಕ್ರವರ್ತಿಯನ್ನು ಮುಂದಿಟ್ಟುಕೊಂಡು ದೇಶ ಹಿಡಿದಿದ್ದವು. ಅವರಿಗೆ ತೀರಿಸಿಕೊಳ್ಳಬೇಕಾದ ಲೆಕ್ಕಗಳಿದ್ದವು. ಆಯಿಜುವಿನ ದೊರೆ ಮತ್ಸುದಾಯಿರಾ ಕಾತಾಮೋರಿ 1862ರಿಂದ ಕ್ಯೋಟೊ ನಗರದ ರಕ್ಷಣೆ ಹೊತ್ತು ಚೋಶುವಿನವರನ್ನು ಬೆನ್ನಟ್ಟಿದ್ದವನು. ಅವನ ಉತ್ತರದಲ್ಲಿದ್ದ ಶೋನಾಯ್ ಸಂಸ್ಥಾನದ ಮಂದಿ ಎದೊ (ಇಂದಿನ ಟೋಕಿಯೊ) ನಗರದ ಕಾವಲಿನಲ್ಲಿದ್ದಾಗ ಅಲ್ಲಿನ ಸಾತ್ಸುಮಾ ಬಂಗಲೆಗೆ ಬೆಂಕಿ ಇಟ್ಟಿದ್ದರು. ಇಬ್ಬರ ಮೇಲೂ ರಾಜದ್ರೋಹದ ಮುದ್ರೆ ಬಿತ್ತು. ಆಯಿಜುವಿನ ಮೇಲೆ ದಂಡೆತ್ತಿ ಹೋಗುವಂತೆ ಸೆಂದಾಯ್‌ಗೇ ಅಪ್ಪಣೆಯಾಯಿತು.

ಯೊನೆಜಾವಾಗೆ ಇದು ಧರ್ಮಸಂಕಟ. 1664ರಲ್ಲಿ ಅಲ್ಲಿನ ದೊರೆ ವಾರಸುದಾರನಿಲ್ಲದೆ ತೀರಿಕೊಂಡಾಗ ಸಂಸ್ಥಾನವೇ ಮುಟ್ಟುಗೋಲಾಗಬೇಕಿತ್ತು. ದತ್ತು ಮಾಡಿಸಿ ಅದನ್ನು ಉಳಿಸಿದವನು ಆಯಿಜುವಿನ ಹೊಶಿನಾ ಮಸಾಯುಕಿ. ಮೂರು ಲಕ್ಷ ಕೊಕುವಿನ ಆದಾಯ ಅರ್ಧಕ್ಕಿಳಿದರೂ ಮನೆತನ ಉಳಿಯಿತು. (ಒಂದು ಕೊಕು ಎಂದರೆ ಒಬ್ಬನಿಗೆ ವರ್ಷವಿಡೀ ಸಾಲುವಷ್ಟು ಅಕ್ಕಿ; ಸಂಸ್ಥಾನಗಳ ದೊಡ್ಡಸ್ತಿಕೆಯನ್ನು ಆಗ ಅಳೆಯುತ್ತಿದ್ದದ್ದು ಇದರಲ್ಲೇ. ಸೆಂದಾಯ್‌ನದು 6,20,000.) ಇನ್ನೂರು ವರ್ಷಗಳ ಆ ಉಪಕಾರವನ್ನು ಯೊನೆಜಾವಾ ಮರೆತಿರಲಿಲ್ಲ.

ಅರ್ಜಿಯನ್ನು ತಳ್ಳಿಹಾಕಿಸಿದವನು ಕುಜೋನ ಜೊತೆಗಿದ್ದ ಚೋಶುವಿನ ಅಧಿಕಾರಿ ಸೇರಾ ಶೂಜೋ. ಅವನ ದರ್ಪದ ನಡವಳಿಕೆಗೆ ಸೆಂದಾಯ್ ಸಮುರಾಯ್‌ಗಳು ಮೊದಲೇ ಕುದಿಯುತ್ತಿದ್ದರು. ಅಷ್ಟರಲ್ಲಿ ಉತ್ತರದವರೆಲ್ಲರನ್ನೂ ಶತ್ರುಗಳೆಂದು ಬಗೆಯಬೇಕು ಎಂಬ ಅರ್ಥದ ಅವನ ಗುಟ್ಟಿನ ಪತ್ರ ಅವರ ಕೈಗೆ ಸಿಕ್ಕಿತು. ಫುಕುಶಿಮಾದ ವಸತಿಗೃಹವೊಂದರಲ್ಲಿ ಮಲಗಿದ್ದವನನ್ನು ರಾತ್ರಿ ಹಿಡಿದರು, ಹೊಳೆಯ ದಂಡೆಗೆ ಒಯ್ದು ತಲೆ ಕಡಿದರು. ಕ್ಷಮೆ ಕೇಳಲು ಹುಟ್ಟಿದ ಕೂಟಕ್ಕೆ ಆ ರಾತ್ರಿಯಿಂದ ಹಿಂದಿರುಗುವ ದಾರಿ ಉಳಿಯಲಿಲ್ಲ.

ಜೂನ್ 22ರಂದು 25 ಸಂಸ್ಥಾನಗಳು ಒಪ್ಪಂದಕ್ಕೆ ಸಹಿ ಹಾಕಿದವು. ಕೆಲವೇ ದಿನಗಳಲ್ಲಿ ಎಚಿಗೊ ಪ್ರಾಂತ್ಯದ ಇನ್ನೂ ಆರು ಸೇರಿ 31 ಆಯಿತು. ದೊಡ್ಡ ಸಂಸ್ಥಾನ ಚಿಕ್ಕದನ್ನು ತುಳಿಯಬಾರದು, ಮಹತ್ವದ ವಿಷಯಗಳನ್ನು ಎಲ್ಲರೂ ಕೂಡಿ ತೀರ್ಮಾನಿಸಬೇಕು ಎಂಬ ಮಾತುಗಳು ಒಪ್ಪಂದದಲ್ಲಿದ್ದವು. ಎದೊದಿಂದ ತಪ್ಪಿಸಿಕೊಂಡು ಬಂದ ರಿನ್ನೋಜಿ ಮಠದ ರಾಜಕುಮಾರ-ಸನ್ಯಾಸಿ ಕೂಟದ ಮುಖ್ಯಸ್ಥನಾದ. ಅವನನ್ನು ಎರಡನೆಯ ಚಕ್ರವರ್ತಿಯಾಗಿ ಪಟ್ಟಕ್ಕೆ ಏರಿಸುವ ಯೋಚನೆ ಎಷ್ಟು ದೂರ ಸಾಗಿತ್ತು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ.

ಕಾಗದದ ಮೇಲೆ ಎಲ್ಲವೂ ಸೊಗಸಾಗಿತ್ತು. ಆದರೆ ಸಹಿ ಬೀಳುವ ಎರಡೇ ದಿನ ಮೊದಲು ಉತ್ತರದ ಹೆಬ್ಬಾಗಿಲಾದ ಶಿರಾಕಾವಾ ಕೋಟೆ ಕೈಬಿಟ್ಟಿತ್ತು. ಸುಮಾರು 700 ಜನರಿದ್ದ ಹೊಸ ಸರಕಾರದ ಪಡೆ ಅದರ ಮೂರು ಪಟ್ಟಿಗೂ ಹೆಚ್ಚಿದ್ದ ಆಯಿಜು–ಸೆಂದಾಯ್ ಸೈನ್ಯವನ್ನು ಒಂದೇ ದಿನದಲ್ಲಿ ಚದುರಿಸಿತು. ಸೆಂದಾಯ್‌ನವರ ಬಂದೂಕುಗಳು ಹಳೆಯವು, ಕವಾಯತೂ ಹಳೆಯದು. ಫಿರಂಗಿ ಒಮ್ಮೆ ಢಂ ಎಂದರೆ ಹರದಾರಿಗಟ್ಟಲೆ ಓಡುತ್ತಾರೆ ಎಂದು ಜನ ಗೇಲಿ ಮಾಡಿದರು. ಆ ಸೈನ್ಯದ ಮಾನ ಉಳಿಸಿದವನು ಹೊಸೊಯಾ ಜೂದಾಯು. ಜೂಜುಕೋರರನ್ನೂ ಕೂಲಿಯಾಳುಗಳನ್ನೂ ಸೇರಿಸಿ, ಕಪ್ಪು ಬಟ್ಟೆ ತೊಡಿಸಿ, ರಾತ್ರಿ ಹೊತ್ತು ಕತ್ತಿ ಹಿಡಿದು ನುಗ್ಗುವ ಪಡೆಯೊಂದನ್ನು ಅವನು ಕಟ್ಟಿದ. ಜನ ಅದಕ್ಕಿಟ್ಟ ಹೆಸರು ‘ಕಾಗೆ ಪಡೆ’.

ಕೂಟಕ್ಕೆ ಸಭೆಯೊಂದಿತ್ತು, ಆದರೆ ಎಲ್ಲರೂ ಮಾತು ಕೇಳುವ ಒಬ್ಬ ದಂಡನಾಯಕನಿರಲಿಲ್ಲ, ಒಂದು ಬೊಕ್ಕಸವೂ ಇರಲಿಲ್ಲ. 1565ರಲ್ಲಿ ವಿಜಯನಗರದ ವಿರುದ್ಧ ಕೂಡಿದ ದಖ್ಖನಿನ ಸುಲ್ತಾನರೂ ಗೆದ್ದ ಮೇಲೆ ಮತ್ತೆ ಕಚ್ಚಾಡಿದರು. ಆದರೆ ಗೆಲ್ಲುವವರೆಗಾದರೂ ಅವರು ಒಟ್ಟಿಗಿದ್ದರು. ಇಲ್ಲಿ ಯುದ್ಧದ ನಡುವೆಯೇ ಅಕಿತಾ ಸಂಸ್ಥಾನ ಸೆಂದಾಯ್ ರಾಯಭಾರಿಗಳನ್ನು ಕೊಲ್ಲಿಸಿ ಎದುರು ಪಾಳೆಯ ಸೇರಿತು. ಎಚಿಗೊದ ನಾಗಾಓಕಾ ಸಂಸ್ಥಾನದ ಮಂತ್ರಿ ಕವಾಯ್ ತ್ಸುಗುನೊಸುಕೆ ಎರಡು ಗ್ಯಾಟ್ಲಿಂಗ್ ಗನ್ನುಗಳನ್ನಿಟ್ಟುಕೊಂಡು ಕೋಟೆಯನ್ನು ಒಮ್ಮೆ ಕಳೆದುಕೊಂಡು, ಮರಳಿ ಗೆದ್ದು, ಮತ್ತೆ ಕಳೆದುಕೊಂಡ. ಹಣಕ್ಕಾಗಿ ಆಯಿಜು ಮತ್ತು ಶೋನಾಯ್ ತಮ್ಮ ಉಸ್ತುವಾರಿಯಲ್ಲಿದ್ದ ಎಜೊ ದ್ವೀಪದ, ಎಂದರೆ ಇಂದಿನ ಹೊಕ್ಕೈಡೊದ, ನೆಲವನ್ನು ಪ್ರಷ್ಯಾಗೆ ಕೊಡಲು ಮುಂದಾದವು. ಅಲ್ಲಿನ ಪ್ರಧಾನಿ ಬಿಸ್ಮಾರ್ಕ್ ಮೊದಲಿಗೆ ಒಪ್ಪಲಿಲ್ಲ, ವ್ಯವಹಾರ ಕುದುರಲೂ ಇಲ್ಲ.

ಅಕ್ಟೋಬರ್‌ನಲ್ಲಿ ಯೊನೆಜಾವಾ ಶರಣಾಯಿತು. ಅರ್ಜಿ ಹಿಡಿದು ಜೊತೆಗೆ ಹೋಗಿದ್ದ ಸೆಂದಾಯ್ ಕೂಡ ತಿಂಗಳ ಕೊನೆಗೆ ಅದೇ ದಾರಿ ಹಿಡಿಯಿತು. ಯಾರನ್ನು ಉಳಿಸಲೆಂದು ಕೂಟ ಕಟ್ಟಿದರೋ ಆ ಆಯಿಜು ಮಾತ್ರ ಒಂದು ತಿಂಗಳ ಮುತ್ತಿಗೆಯನ್ನು ಒಂಟಿಯಾಗಿ ಎದುರಿಸಿ ನವೆಂಬರ್ 6ರಂದು ಬಿಳಿ ಬಾವುಟ ಹಾರಿಸಿತು. ಒಕ್ಕೂಟ ಬಾಳಿದ್ದು ಒಂದು ಬೇಸಿಗೆಯಷ್ಟೇ ಕಾಲ.

ದಂಡನೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಸೆಂದಾಯ್‌ನ ಆದಾಯ 2,80,000 ಕೊಕುವಿಗೆ ಇಳಿಯಿತು, ಅದರ ಮುಖ್ಯಮಂತ್ರಿ ತಾದಾಕಿ ತೋಸಾನ ತಲೆ ಹೋಯಿತು. ನೆಲ ಕಳೆದುಕೊಂಡ ಅದರ ಸಮುರಾಯ್ ಕುಟುಂಬಗಳು ಹೊಕ್ಕೈಡೊಗೆ ಹೋಗಿ ಕಾಡು ಕಡಿದು ಬೇಸಾಯಕ್ಕಿಳಿದವು. ಅಲ್ಲಿನ ದಾತೆ ನಗರ, ಸಪ್ಪೊರೊದ ಶಿರೋಯಿಶಿ ಬಡಾವಣೆ ಅವರ ನೆನಪಿನವು. ಆಯಿಜುವಿನವರನ್ನು ಉತ್ತರ ತುದಿಯ ಬರಡು ನೆಲಕ್ಕೆ ಅಟ್ಟಿದರು. ಶೋನಾಯ್ ಮಾತ್ರ ಸಾತ್ಸುಮಾದ ಸಾಯಿಗೊ ತಾಕಾಮೋರಿಯ ಉದಾರತೆಯಿಂದ ಹಗುರವಾಗಿ ಪಾರಾಯಿತು. ಆ ಋಣಕ್ಕೆ ಅಲ್ಲಿಯವರು ಸಾಯಿಗೊನ ಮಾತುಗಳನ್ನು ಸಂಗ್ರಹಿಸಿ 1890ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು.

ಉಳಿದವರ ಮನಸ್ಸು ಅಷ್ಟು ಬೇಗ ಕರಗಲಿಲ್ಲ. 1986ರಲ್ಲಿ ಚೋಶುವಿನ ಹಳೆಯ ರಾಜಧಾನಿ ಹಾಗಿ ನಗರ ಸ್ನೇಹದ ಕೈ ಚಾಚಿದಾಗ ಆಯಿಜುವಿನ ಹಳೆಯ ರಾಜಧಾನಿ ಆಯಿಜು-ವಾಕಾಮತ್ಸು ಒಪ್ಪಲಿಲ್ಲ. ಗೆದ್ದವರು ಅಂದು ಶಿರಾಕಾವಾದಿಂದ ಉತ್ತರಕ್ಕಿರುವ ಬೆಟ್ಟವೊಂದಕ್ಕೆ ನೂರು ಕಾಸು ಎಂದು ಹೀಯಾಳಿಸಿದ್ದರಂತೆ. ಕೂಟದಲ್ಲಿದ್ದ ಮೊರಿಯೊಕಾದ ಸಮುರಾಯ್ ಮನೆಯ ಹುಡುಗ ಹಾರಾ ತಾಕಾಶಿ ಆ ‘ಒಂದು ಬೆಟ್ಟ’ವನ್ನೇ ತನ್ನ ಹೈಕು ಕಾವ್ಯನಾಮ ಮಾಡಿಕೊಂಡು 1918ರಲ್ಲಿ ಪ್ರಧಾನಿಯಾದ. ‘ಶಿರಾಕಾವಾದ ಉತ್ತರ’ ಎಂಬುದನ್ನೇ ಹೆಸರಾಗಿ ಇಟ್ಟುಕೊಂಡ ‘ಕಾಹೊಕು ಶಿಂಪೊ’ ದಿನಪತ್ರಿಕೆ 1897ರಲ್ಲಿ ಶುರುವಾಗಿ ಇಂದಿಗೂ ಸೆಂದಾಯ್‌ನಿಂದ ಹೊರಡುತ್ತಿದೆ.