ನೌಕಾಧಿಕಾರಿಯ ಶಿಕ್ಷಣ: ವೆಚ್ಚ ಯಾರದು?

ನಮ್ಮ ಮಣ್ಣೂರಿನ ಮಗ್ಗುಲಲ್ಲಿಯೇ ಭೀಮಾನದಿ ಹರಿಯುತ್ತಿದ್ದರೂ ಸಮುದ್ರವನ್ನು ಕಣ್ಣಾರೆ ಕಂಡವರು ಊರಿನಲ್ಲಿ ವಿರಳ. ನೌಕಾದಳದ ಅಧಿಕಾರಿಯಾಗುವ ಮಾತೆತ್ತಿದರೆ ಹಿರಿಯರು ಮೊದಲು ಕೇಳುವುದು, "ಅದಕ್ಕ ಎಷ್ಟ್ ರೊಕ್ಕ ಬೇಕಾಗ್ತಾವ, ತಮ್ಮಾ?" ಎಂದು. ಪ್ರಶ್ನೆ ನ್ಯಾಯವಾದುದೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಶುಲ್ಕವೆಂಬ ಶಬ್ದದ ಭಾರವನ್ನು ಚೆನ್ನಾಗಿ ಬಲ್ಲೆ. ಆದುದರಿಂದ ಈ ವಿಷಯವಾಗಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಪಿ.ಯು.ಸಿ. ಮುಗಿಸಿ ಆಯ್ಕೆಯಾದ ತರುಣ ತರುಣಿಯರು ಪುಣೆಯ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ 3 ವರ್ಷ, ಅನಂತರ ಕೇರಳದ ಎಳಿಮಲದಲ್ಲಿ 2009ರಲ್ಲಿ ಉದ್ಘಾಟನೆಯಾದ ಭಾರತೀಯ ನೌಕಾ ಅಕಾಡೆಮಿಯಲ್ಲಿ 1 ವರ್ಷ ಕಲಿಯುತ್ತಾರೆ. ಕೆಲವರು ನೇರವಾಗಿ ಎಳಿಮಲಕ್ಕೇ ಸೇರಿ 4 ವರ್ಷ ಬಿ.ಟೆಕ್. ಓದುವುದೂ ಉಂಟು. ಊಟ, ವಸತಿ, ಪುಸ್ತಕ, ಸಮವಸ್ತ್ರ, ಔಷಧೋಪಚಾರ, ಪಾಠ ಇವೆಲ್ಲದರ ವೆಚ್ಚ ಕೇಂದ್ರ ಸರಕಾರದ್ದು. ಖಡಕ್‌ವಾಸ್ಲಾದಲ್ಲಿ ಕೈಖರ್ಚು ಮಾತ್ರ ಪಾಲಕರದು. ಅದು ತಿಂಗಳಿಗೆ 3,000 ರೂಪಾಯಿ ಮೀರಲಾರದೆಂದೂ, ಪಾಲಕರ ಮಾಸಿಕ ವರಮಾನ 21,000 ರೂಪಾಯಿಗಿಂತ ಹೆಚ್ಚಿಲ್ಲದಿದ್ದರೆ 1,000 ರೂಪಾಯಿ ಸಹಾಯಧನ ದೊರೆಯಬಹುದೆಂದೂ ಇತ್ತೀಚಿನ ವರ್ಷಗಳ ಪರೀಕ್ಷಾ ಪ್ರಕಟಣೆಗಳಲ್ಲಿದೆ. ಇನ್ನು ಸರಕಾರದ ಹಣವೆಂದರೆ ಆಕಾಶದಿಂದ ಉದುರಿದ್ದೇನಲ್ಲ. ಮಣ್ಣೂರಿನ ಕೂಲಿಯವಳು ಸಾಬೂನು ಕೊಳ್ಳುವಾಗ ತೆತ್ತ ತೆರಿಗೆಯೂ ಅದರಲ್ಲಿ ಸೇರಿದೆ.

ಆದರೆ ಖರ್ಚು ಅಕಾಡೆಮಿಯ ಬಾಗಿಲಿಗೆ ಬಹಳ ಮುಂಚೆಯೇ ಆರಂಭವಾಗುತ್ತದೆ. ನೌಕಾದಳಕ್ಕೆ ಹೋಗಬೇಕಾದರೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿರಬೇಕು. ಬಿ.ಎ. ಮುಗಿಸಿದ ನನ್ನಂಥವನು ಸಂಯುಕ್ತ ರಕ್ಷಣಾ ಸೇವಾ ಪರೀಕ್ಷೆ ಬರೆದು ಭೂಸೈನ್ಯಕ್ಕೆ ಪ್ರಯತ್ನಿಸಬಹುದು. ಅದೇ ಪರೀಕ್ಷೆಯಲ್ಲಿ ನೌಕಾ ಅಕಾಡೆಮಿಯು ಇಂಜಿನಿಯರಿಂಗ್ ಪದವಿ ಕೇಳುತ್ತದೆ. ಮಗನಿಗೆ ವಿಜ್ಞಾನ ಓದಿಸುವ ವೆಚ್ಚವನ್ನು ಮನೆಯವರೇ ಹೊರಬೇಕು. 1963ರಲ್ಲಿ ವಿಜಾಪುರದಲ್ಲಿ ಸ್ಥಾಪಿತವಾದ ಸೈನಿಕ ಶಾಲೆ ಮಕ್ಕಳನ್ನು ಈ ಹಾದಿಗೆಂದೇ ಅಣಿಗೊಳಿಸುತ್ತದೆ. ಅಲ್ಲಿ ಶುಲ್ಕವೂ ಉಂಟು, ವರಮಾನ ನೋಡಿ ಕೊಡುವ ವಿದ್ಯಾರ್ಥಿವೇತನವೂ ಉಂಟು. ಆದರೆ 6ನೆಯ ತರಗತಿಗೆ ಸೇರಲು ಪ್ರವೇಶ ಪರೀಕ್ಷೆಯನ್ನು 10-12ರ ವಯಸ್ಸಿನಲ್ಲಿಯೇ ಬರೆಯಬೇಕು. ಆ ವಯಸ್ಸಿನಲ್ಲಿ ಅಂಥ ಶಾಲೆಯ ಹೆಸರೂ ನಮ್ಮ ಓಣಿಯ ಹುಡುಗರಿಗೆ ತಿಳಿದಿರಲಿಲ್ಲ.

ಇನ್ನು ಮುಚ್ಚಳಿಕೆಯ ಮಾತು. ಅಭ್ಯರ್ಥಿಯು ತನ್ನ ಇಚ್ಛೆಯಿಂದ ನಡುವೆ ಬಿಟ್ಟುಹೋದರೆ ಶಿಕ್ಷಣದ ವೆಚ್ಚವನ್ನು ಪೂರ್ಣವಾಗಿ ಇಲ್ಲವೆ ಭಾಗಶಃ ಹಿಂದಿರುಗಿಸಬೇಕು. ಇದು ಸರಿಯೆಂದೇ ನನ್ನ ಅಭಿಪ್ರಾಯ. ಶಿಕ್ಷಣದಲ್ಲಿ ಗಾಯವಾದರೆ ಪರಿಹಾರ ಕೇಳುವ ಹಕ್ಕಿಲ್ಲವೆಂಬ ಮಾತಿಗೂ ರುಜು ಹಾಕಬೇಕೆಂಬುದು ಮಾತ್ರ ಮನಸ್ಸಿಗೆ ಒಗ್ಗುವುದಿಲ್ಲ. ಅಧಿಕಾರಪದವಿ ದೊರೆಯುವ ಮುನ್ನವೇ ಅಂಗವಿಕಲರಾಗಿ ಮನೆಗೆ ಮರಳಿದ ತರುಣರನ್ನು ಮಾಜಿ ಸೈನಿಕರೆಂದು ಎಣಿಸಿರಲಿಲ್ಲ. ಅವರ ಔಷಧದ ಖರ್ಚು ತಂದೆತಾಯಿಗಳ ಪಾಲಿಗೇ ಬಿದ್ದಿತ್ತು. ಭೂಸೈನ್ಯ, ನೌಕಾದಳ, ವಾಯುದಳಗಳ ಇಂಥವರ ಸಂಗತಿಯನ್ನು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಮಾಜಿ ಸೈನಿಕರ ಆರೋಗ್ಯ ಯೋಜನೆಯನ್ನು ಅವರಿಗೂ ಅದೇ ವರ್ಷ ವಿಸ್ತರಿಸಲಾಯಿತು.