ವಿಗ್‌ಟೌನಿನ ಗ್ರಂಥೋತ್ಸವ

ಒಂದು ಊರನ್ನು ಐತಿಹಾಸಿಕವೆಂದು ಕರೆಯುವುದರಲ್ಲಿ ಗೌರವವಿರುವಷ್ಟೇ ಅಪಾಯವೂ ಉಂಟು. ನಡೆಯಬೇಕಾದುದೆಲ್ಲವೂ ಅಲ್ಲಿ ಎಂದೋ ನಡೆದುಹೋಯಿತು, ಇನ್ನು ನಡೆಯತಕ್ಕದ್ದೇನೂ ಉಳಿದಿಲ್ಲವೆಂಬ ಅಭಿಪ್ರಾಯವು ಬಹುವೇಳೆ ಆ ವಿಶೇಷಣದ ಹಿಂದೆ ಅಡಗಿರುತ್ತದೆ. ಕೋಟೆಯ ಮುಂದೊಂದು ಫಲಕ, ಗುಡಿಗೊಂದು ತಂತಿಯ ಬೇಲಿ, ವರ್ಷಕ್ಕೊಮ್ಮೆ ಅಧಿಕಾರಿಗಳ ಭೇಟಿ, ಇಷ್ಟಾದರೆ ಇತಿಹಾಸಕ್ಕೆ ಸಲ್ಲತಕ್ಕ ಮರ್ಯಾದೆ ಸಂದಿತೆಂದು ಎಣಿಸುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅಷ್ಟರಿಂದ ತೃಪ್ತಿಪಡದೆ, ತನ್ನ ಜನರ ಕೈದುಡಿಮೆಯಿಂದಲೇ ಮರಳಿ ಚೇತರಿಸಿಕೊಂಡ ಒಂದು ಪುಟ್ಟ ಪಟ್ಟಣದ ವೃತ್ತಾಂತವನ್ನು ಇಂದು ವಾಚಕರ ಮುಂದಿಡಬೇಕೆಂದಿದ್ದೇವೆ.

ಸ್ಕಾಟ್ಲೆಂಡಿನ ನೈರುತ್ಯ ಭಾಗದಲ್ಲಿ ಗ್ಯಾಲೊವೇ ಎಂಬ ಸೀಮೆಯುಂಟು. ಅಲ್ಲಿ ಕೊಲ್ಲಿಯೊಂದರ ದಡದ ದಿಬ್ಬದ ಮೇಲೆ ವಿಗ್‌ಟೌನ್ ನೆಲೆಸಿದೆ. ಜನಸಂಖ್ಯೆ ಸುಮಾರು 1000. ನಮ್ಮ ಕಡೆಯಲ್ಲಾದರೆ ಇದನ್ನು ಪಟ್ಟಣವೆಂದು ಯಾರೂ ಕರೆಯಲಾರರು. ಆದರೆ ಇದು ಮಧ್ಯಯುಗದಿಂದಲೂ ರಾಜರ ಸನದು ಪಡೆದು ಬಂದ ಪೇಟೆ. ವಿಗ್‌ಟೌನ್‌ಶೈರ್ ಎಂಬ ಇಡೀ ಪ್ರಾಂತಕ್ಕೆ ತನ್ನ ಹೆಸರನ್ನಿತ್ತ ಊರು. ಊರ ನಡುವೆ ವಿಶಾಲವಾದ ಚೌಕ. ಚೌಕದ ತುದಿಯಲ್ಲಿ 1862ರ ಸುಮಾರಿಗೆ ಕಟ್ಟಿದ ಗೋಪುರವುಳ್ಳ ಕಚೇರಿಯ ಕಟ್ಟಡ. ಊರಿನ ದೊಡ್ಡಸ್ತಿಕೆಯೆಲ್ಲ ಈ ಎರಡರಲ್ಲಿ ಕಾಣುತ್ತದೆ.

ಈ ಊರಿನ ಇತಿಹಾಸದಲ್ಲಿ ಎಲ್ಲರ ಬಾಯಲ್ಲಿಯೂ ಇರುವ ಸಂಗತಿ ಅತಿ ಕ್ರೂರವಾದುದು. ಹದಿನೇಳನೆಯ ಶತಮಾನದಲ್ಲಿ, ತಮ್ಮ ಧರ್ಮಸಂಘದ ಮೇಲೆ ಅರಸನಿಗೆ ಒಡೆತನವಿಲ್ಲವೆಂದು ಹಟಹಿಡಿದ ಜನರನ್ನು ಸರಕಾರವು ಬೇಟೆಯಾಡುತ್ತಿದ್ದಿತು. ತಮ್ಮ ಪಂಗಡದ ಘೋಷಣೆಯನ್ನು ಅಲ್ಲಗಳೆದು ಪ್ರಮಾಣಮಾಡಲು ಒಪ್ಪದ ಇಬ್ಬರು ಹೆಂಗಸರನ್ನು, ಮಾರ್ಗರೆಟ್ ಮೆಕ್‌ಲಾಕ್ಲನ್ ಎಂಬ ಮುದುಕಿಯನ್ನೂ ಮಾರ್ಗರೆಟ್ ವಿಲ್ಸನ್ ಎಂಬ ಹದಿನೆಂಟರ ಹುಡುಗಿಯನ್ನೂ, 1685ನೆಯ ಮೇ 11ರಂದು ಊರಿನ ಕೆಳಗಣ ಹಿನ್ನೀರಿನಲ್ಲಿ ಗೂಟಗಳಿಗೆ ಕಟ್ಟಿ, ಭರತ ಏರುವವರೆಗೆ ಬಿಟ್ಟರು. ಮುದುಕಿಯು ಮುಳುಗುವುದನ್ನು ಕಂಡು ಹುಡುಗಿಯು ಮಣಿದಾಳೆಂದು ಮುದುಕಿಯ ಗೂಟವನ್ನು ಮುಂದಕ್ಕೆ ನೆಟ್ಟಿದ್ದರೆಂದು ಪರಂಪರೆ ಹೇಳುತ್ತದೆ. ಹುಡುಗಿಯು ಮಣಿಯಲಿಲ್ಲ. ಶಿಕ್ಷೆಯನ್ನು ತಡೆಹಿಡಿಯುವ ಆಜ್ಞೆಯೊಂದು ರಾಜಧಾನಿಯಾದ ಎಡಿನ್‌ಬರೋದಲ್ಲಿ ಏಪ್ರಿಲ್ ಕೊನೆಯಲ್ಲಿಯೇ ಬರೆಯಲ್ಪಟ್ಟಿತ್ತೆಂಬುದು ದಫ್ತರಗಳಿಂದ ತಿಳಿದುಬರುತ್ತದೆ. ಅದು ಏನಾಯಿತೆಂಬುದರ ಮೇಲೆ ಪಂಡಿತರು ಬಹಳ ವಾದಿಸಿದ್ದಾರೆ. ಕಾಗದಪತ್ರಗಳನ್ನು ಕೈಯಲ್ಲಿ ಹಿಡಿದು ಬದುಕುವ ನಮ್ಮ ವಾಚಕರಲ್ಲಿ ಅನೇಕರಿಗೆ ಈ ಒಂದು ಸಂಗತಿಯು ಉಳಿದೆಲ್ಲಕ್ಕಿಂತ ಹೆಚ್ಚಾಗಿ ಚುಚ್ಚೀತು. ಇಂದು ಕಡಲು ಅಲ್ಲಿಂದ ಹಿಂದೆ ಸರಿದು ಜೌಗುಹುಲ್ಲು ಬೆಳೆದಿದೆ; ನಡುವೆ ಗೂಟದ ಆಕಾರದ ಒಂದು ಕಲ್ಲು ನಿಂತಿದೆ. ಸಮಾಧಿಗಳು ಚರ್ಚಿನ ಅಂಗಳದಲ್ಲಿವೆ.

ಸ್ಮಾರಕಗಳು ಉಳಿದುವು, ಊರು ಮಾತ್ರ ದಿನೇ ದಿನೇ ಸೊರಗಿತು. ಪ್ರಯಾಣಿಕರ ರೈಲು 1950ರಲ್ಲಿ ನಿಂತಿತು, 1964ರಲ್ಲಿ ಸರಕಿನ ರೈಲೂ ಹೋಯಿತು. ಸಮೀಪದ ಬ್ಲ್ಯಾಡ್ನಾಕ್ ಎಂಬಲ್ಲಿ ಹಾಲಿನ ಕಾರಖಾನೆಯಿದ್ದಿತು, 1817ರಿಂದ ನಡೆದುಬಂದ ವಿಸ್ಕಿಯ ಭಟ್ಟಿಯೂ ಇದ್ದಿತು. ಹಾಲಿನ ಕಾರಖಾನೆ ಮುಚ್ಚಿತು. 1993ರಲ್ಲಿ ಭಟ್ಟಿಯ ಒಲೆಯೂ ಆರಿತು. ಭಟ್ಟಿಯು ಮುಂದೆ 2000ದಲ್ಲಿ ಬೇರೆ ಕೈಗಳಲ್ಲಿ ಮರಳಿ ಉರಿಯಿತಾದರೂ ಆ ನಡುವಣ ವರ್ಷಗಳು ಊರಿಗೆ ಕಠಿಣವಾಗಿದ್ದುವು. ಚೌಕದ ಸುತ್ತಣ ಮನೆಗಳಿಗೆ ಬಾಡಿಗೆದಾರರಿಲ್ಲ. ತಮ್ಮ ಹೆಮ್ಮೆಯ ಕಚೇರಿಯ ಕಟ್ಟಡವೇ ಬೀಳುವಂತಾಗಿದ್ದಿತು.

ಈ ಸ್ಥಿತಿಯಲ್ಲಿ ಅವರಿಗೆ ದಾರಿ ತೋರಿದುದು ವೇಲ್ಸಿನ ಗಡಿಯ ಹೇ-ಆನ್-ವೈ ಎಂಬ ಊರು. ಅಲ್ಲಿ ರಿಚರ್ಡ್ ಬೂತ್ ಎಂಬ ವಿಚಿತ್ರ ಪುರುಷನು 1960ರ ದಶಕದ ಮೊದಲಲ್ಲಿ ಹಳೆಯ ಪುಸ್ತಕಗಳ ಅಂಗಡಿಯನ್ನು ತೆರೆದು, ಕ್ರಮೇಣ ಊರನ್ನೇ ಪುಸ್ತಕದ ಸಂತೆಯನ್ನಾಗಿ ಮಾಡಿದನು. 1977ರ ಏಪ್ರಿಲ್ 1ರಂದು ತಾನೇ ಆ ಊರಿನ ಅರಸನೆಂದು ಸಾರಿಕೊಂಡುದೂ ಉಂಟು. ಆ ದಿನಾಂಕವನ್ನು ಗಮನಿಸಿದರೆ ಅದರ ಗಾಂಭೀರ್ಯವೆಷ್ಟೆಂಬುದು ತಿಳಿದೀತು. ಹಾಸ್ಯವು ಹಾಸ್ಯವಾಗಿಯೇ ಉಳಿಯಿತು, ವ್ಯಾಪಾರವು ನಿಜವಾಯಿತು. ಸ್ಕಾಟ್ಲೆಂಡಿನಲ್ಲಿಯೂ ಇಂಥದೊಂದು ಊರಿರಬೇಕೆಂದು ಹುಡುಕಾಟ ನಡೆದಾಗ ಸೊರಗಿದ ಪಟ್ಟಣಗಳು ತಮ್ಮ ತಮ್ಮ ಹಕ್ಕನ್ನು ಮಂಡಿಸಿದುವು. ಅವುಗಳಲ್ಲಿ ವಿಗ್‌ಟೌನಿಗೆ 1998ರಲ್ಲಿ ರಾಷ್ಟ್ರೀಯ ಗ್ರಂಥನಗರಿಯೆಂಬ ಬಿರುದು ದೊರೆಯಿತು. ಮರುವರ್ಷವೇ, 1999ರಲ್ಲಿ, ಮೊದಲ ಗ್ರಂಥೋತ್ಸವವು ನೆರವೇರಿತು.

ಇಲ್ಲಿ ವಾಚಕರು ಒಂದಂಶವನ್ನು ಗಮನಿಸಬೇಕು. ಈ ಊರು ಸಾಹಿತ್ಯದ ತವರೆಂದು ಹೇಳಿಕೊಳ್ಳುವಂತಿರಲಿಲ್ಲ. ಜಗತ್ತಿಗೆಲ್ಲ ಗೊತ್ತಿರುವ ಮಹಾಕವಿಯ ಮನೆ ಅಲ್ಲಿಲ್ಲ. ವಿದ್ಯಾಪೀಠವಿಲ್ಲ, ಪ್ರಸಿದ್ಧ ಗ್ರಂಥಭಂಡಾರವಿಲ್ಲ. ಅವರಲ್ಲಿದ್ದುದು ಖಾಲಿ ಮನೆಗಳು, ಅಗಲವಾದ ಚೌಕ, ಮತ್ತು ಕೆಲಸ ಕಳೆದುಕೊಂಡ ಜನರು. ಬಿರುದನ್ನು ಕೊಡುವುದು ಒಂದು ದಿನದ ಕೆಲಸ. ಅದಕ್ಕೆ ತಕ್ಕಂತೆ ಅಂಗಡಿಗಳನ್ನು ತೆರೆದು, ಲೇಖಕರನ್ನು ಕರೆತಂದು, ಬಂದವರಿಗೆ ಊಟ ವಸತಿಗಳನ್ನು ಒದಗಿಸಿ, ಮಳೆ ಸುರಿಯುವ ಶರತ್ಕಾಲದಲ್ಲಿ ಜನರನ್ನು ಡೇರೆಗಳಲ್ಲಿ ಕುಳ್ಳಿರಿಸುವುದು ಬೇರೆಯೇ ಕೆಲಸ. ಅದನ್ನು ಮಾಡಿದವರು ಊರವರು.

ಉತ್ಸವವು ಸೆಪ್ಟೆಂಬರ್ ಕೊನೆಯಲ್ಲಿ ಮೊದಲಾಗಿ ಅಕ್ಟೋಬರದ ಮೊದಲ ದಿನಗಳವರೆಗೆ, ಹತ್ತು ದಿನ ನಡೆಯುತ್ತದೆ. ಪ್ರವಾಸಿಗಳು ಹಿಂದಿರುಗಿ ಪೇಟೆ ಮಲಗುವ ಕಾಲವದು. ಆ ಕಾಲವನ್ನೇ ಆರಿಸಿದುದರಲ್ಲಿ ವ್ಯಾಪಾರಿಯ ಜಾಣತನವಿದೆ. ಈಚಿನ ವರ್ಷಗಳಲ್ಲಿ ಕಾರ್ಯಕ್ರಮಗಳ ಸಂಖ್ಯೆಯು 200ನ್ನು ಮೀರಿದೆ. ಸಂಬಳ ಪಡೆಯುವ ನೌಕರರು ಕೆಲವರಿದ್ದಾರೆ, ಇಲ್ಲವೆನ್ನಲಾಗದು. ಆದರೆ ಟಿಕೀಟು ನೋಡುವವರು, ಕುರ್ಚಿ ಹಾಕುವವರು, ಭಾಷಣಕಾರರಿಗೆ ನೀರಿಡುವವರು, ದಾರಿ ತೋರುವವರು ಎಲ್ಲರೂ ಸ್ವಯಂಸೇವಕರೇ. ಹತ್ತಿರದ ರೈಲು ನಿಲ್ದಾಣವೇ ಹತ್ತಾರು ಮೈಲು ದೂರವಾದುದರಿಂದ ಅತಿಥಿಗಳನ್ನು ಮೋಟಾರಿನಲ್ಲಿ ಕರೆತರುವುದೇ ಒಂದು ದೊಡ್ಡ ಹೊರೆ. ಪ್ರಖ್ಯಾತ ಗ್ರಂಥಕರ್ತನೊಬ್ಬನು ಊರವರ ಬಂಡಿಯಲ್ಲಿ ಹಾದಿಯುದ್ದಕ್ಕೂ ದನಗಳ ಬೆಲೆಯನ್ನು ಕೇಳುತ್ತ ಬರಬೇಕಾಗಿ ಬಂದರೆ, ಅವನಿಗೂ ಅದು ಹಿತವೆಂದೇ ನಮ್ಮ ಎಣಿಕೆ.

ಊರಿನ ಅತಿ ದೊಡ್ಡ ಹಳೆಯ ಪುಸ್ತಕದಂಗಡಿಯ ಮೇಲಣ ಮನೆಯೇ ಉತ್ಸವದ ಕಾಲದಲ್ಲಿ ಲೇಖಕರ ವಿಶ್ರಾಂತಿಗೃಹವಾಗುತ್ತದೆ. ಅದರ ಮಾಲಿಕ ಶಾನ್ ಬೈಥೆಲ್ ಎಂಬವನು 2017ರಲ್ಲಿ ತನ್ನ ದಿನಚರಿಯನ್ನು ಪುಸ್ತಕವಾಗಿ ಪ್ರಕಟಿಸಿ ಗಿರಾಕಿಗಳನ್ನು ಧಾರಾಳವಾಗಿ ಮೂದಲಿಸಿದ್ದಾನೆ. ಮೂದಲಿಕೆಯನ್ನು ಓದಿದವರೇ ಆ ಅಂಗಡಿಯನ್ನು ಹುಡುಕಿಕೊಂಡು ಬರುವುದು ಮನುಷ್ಯಸ್ವಭಾವದ ಸೋಜಿಗ. ಇನ್ನೊಂದು ಅಂಗಡಿಯ ವ್ಯವಸ್ಥೆಯು ಇದಕ್ಕಿಂತ ವಿಚಿತ್ರವಾಗಿದೆ. ದೂರದೇಶದವರು ಬಾಡಿಗೆ ತೆತ್ತು, ಮಹಡಿಯ ಮೇಲೆ ಬಿಡಾರಮಾಡಿ, ಕೆಳಗಿನ ಅಂಗಡಿಯನ್ನು ಕೆಲವು ದಿನ ತಾವೇ ನಡೆಯಿಸಬಹುದು. ಬಿಡುವಿಗಾಗಿ ಹಣ ಕೊಟ್ಟು ದುಡಿಯುವ ಈ ಪರಿಯು ನಮ್ಮ ಹಿರಿಯರಿಗೆ ಅರ್ಥವಾಗುತ್ತಿರಲಿಲ್ಲ. ಆದರೂ ಅದಕ್ಕೆ ವರ್ಷಗಟ್ಟಲೆ ಸರದಿ ಕಾಯುವವರಿದ್ದಾರೆ.

ಭಾಷೆಯ ವಿಷಯದಲ್ಲಿಯೂ ಒಂದು ಮಾತು. ಗ್ಯಾಲೊವೇಯಲ್ಲಿ ಹಿಂದೆ ಗೇಲಿಕ್ ನುಡಿಯು ಮನೆಮಾತಾಗಿದ್ದಿತು. ಹದಿನೆಂಟನೆಯ ಶತಮಾನದಲ್ಲಿ ಅದು ಆ ಸೀಮೆಯಿಂದ ಅಳಿದುಹೋಯಿತು. ಊರುಗಳ ಹೆಸರುಗಳಲ್ಲಿ ಮಾತ್ರ ಅದರ ಗುರುತು ಉಳಿದಿದೆ. ವಿಗ್‌ಟೌನಿನವರು 2005ರಲ್ಲಿ ಮೊದಲುಮಾಡಿದ ಕಾವ್ಯಸ್ಪರ್ಧೆಯಲ್ಲಿ ಇಂಗ್ಲಿಷಿನೊಡನೆ ಗೇಲಿಕ್ ಮತ್ತು ಸ್ಕಾಟ್ಸ್ ನುಡಿಗಳ ಕವಿತೆಗಳಿಗೂ ಬಹುಮಾನವನ್ನು ಇರಿಸಿಕೊಂಡಿದ್ದಾರೆ. ಸಮೀಪದ ವಿಟ್‌ಹಾರ್ನಿನಲ್ಲಿ 1926ರಲ್ಲಿ ಹುಟ್ಟಿ, ಬೋರ್ಹೆಸ್ ಮತ್ತು ನೆರೂಡರನ್ನು ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ ತಂದ ಕವಿ ಅಲಾಸ್ಟರ್ ರೀಡನ ಹೆಸರೂ ಆ ಬಹುಮಾನಗಳಲ್ಲೊಂದಕ್ಕೆ ಸೇರಿದೆ. ತಮ್ಮ ಮನೆಗಳಲ್ಲಿ ಈಗ ಯಾರೂ ಆಡದ ನುಡಿಗೆ ಒಂದು ಪೀಠವನ್ನು ಕಾದಿರಿಸುವ ಈ ಸೌಜನ್ಯವು ನಮಗೆ ಡೇರೆಗಳ ಸಡಗರಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಆಕ್ಷೇಪಣೆಗಳಿಲ್ಲವೆಂದಲ್ಲ. ಹಳೆಯ ಪುಸ್ತಕದ ವ್ಯಾಪಾರವೇ ಕ್ಷೀಣಿಸುತ್ತಿರುವ ಕಾಲವಿದು. ಅಂಗಡಿಯಲ್ಲಿ ಪುಸ್ತಕವನ್ನು ತಿರುವಿ ನೋಡಿ, ಅಂತರಜಾಲದಲ್ಲಿ ಅಗ್ಗಕ್ಕೆ ಕೊಳ್ಳುವವರು ಎಲ್ಲೆಡೆಯೂ ಇದ್ದಾರೆ. ಹತ್ತು ದಿನದ ಗಳಿಕೆಯಿಂದ ವರ್ಷವಿಡೀ ಬಾಗಿಲು ತೆರೆದಿಡಲಾಗದು. ಸ್ಕಾಟ್ಲೆಂಡಿನ ಕಲಾಸಂಸ್ಥೆಯಿಂದಲೂ ಸ್ಥಳೀಯ ಆಡಳಿತದಿಂದಲೂ ಬರುವ ದ್ರವ್ಯಸಹಾಯವಿಲ್ಲದೆ ಉತ್ಸವವು ಇಷ್ಟು ಬೆಳೆಯುತ್ತಿರಲಿಲ್ಲ. ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯು ಸ್ವಯಂಸೇವಕರದು. ಉಚಿತವಾಗಿ ದುಡಿಯುವವರಿದ್ದಾರೆಂದು ತಿಳಿದೊಡನೆ ಆ ದುಡಿಮೆಗೆ ಬೆಲೆಯೇ ಇಲ್ಲವೆಂದು ಎಣಿಸುವ ಮನೋವೃತ್ತಿಯು ಬೆಳೆಯುತ್ತದೆ. ಪ್ರತಿವರ್ಷವೂ ಅದೇ ಭುಜಗಳ ಮೇಲೆ ಹೊರೆಯನ್ನು ಏರಿಸುತ್ತ ಹೋದರೆ ಒಂದು ದಿನ ಆ ಭುಜಗಳು ಬಾಗುತ್ತವೆ. ಅಷ್ಟು ಚಿಕ್ಕ ಊರಿನಲ್ಲಿ ಬದಲಿಗೆ ಬರುವವರನ್ನು ಎಲ್ಲಿಂದ ತರುವುದು? ಹದಿಹರೆಯದವರ ಕಾರ್ಯಕ್ರಮಗಳನ್ನು ಅವರ ಕೈಗೇ ಒಪ್ಪಿಸುವ ಏರ್ಪಾಡನ್ನು ಉತ್ಸವದವರು ಮಾಡಿರುವುದು ಈ ದೃಷ್ಟಿಯಿಂದ ವಿವೇಕದ ಕೆಲಸವೇ ಸರಿ. ಕಲಿತ ಹುಡುಗರು ಉದ್ಯೋಗಕ್ಕಾಗಿ ದೊಡ್ಡ ನಗರಗಳಿಗೆ ಹೋಗುವುದನ್ನು ಅದು ಎಷ್ಟರಮಟ್ಟಿಗೆ ತಡೆದೀತೆಂಬುದು ಬೇರೆ ಮಾತು.

ಹೇ-ಆನ್-ವೈಯ ಮಾದರಿಯು ನಮ್ಮ ನೆರೆಯವರೆಗೂ ಬಂದಿದೆ. ಮಹಾರಾಷ್ಟ್ರದ ಪಂಚಗಣಿಯ ಬಳಿ ಭಿಲಾರ್ ಎಂಬ ಹಳ್ಳಿಯನ್ನು 2017ರ ಮೇ ತಿಂಗಳಲ್ಲಿ ಅಲ್ಲಿನ ಸರಕಾರವು ಪುಸ್ತಕಗಳ ಊರೆಂದು ಸಾರಿ, ಮನೆ ಗುಡಿ ಶಾಲೆಗಳೇ ಮುಂತಾದ ಸುಮಾರು 25 ಎಡೆಗಳಲ್ಲಿ ಮರಾಠಿ ಗ್ರಂಥಗಳನ್ನು ಇರಿಸಿತು. ಪುಸ್ತಕವನ್ನು ಕೊಂಡುಕೊಟ್ಟುದು ಸರಕಾರ. ಬಂದವರಿಗೆ ಬಾಗಿಲು ತೆರೆಯಬೇಕಾದವರು ಮನೆಯವರು. ಸ್ಕಾಟ್ಲೆಂಡಿನಲ್ಲಿಯೂ ಬಿರುದು ಹೊರಗಿನಿಂದ ಬಂದಿತು, ಬಾಗಿಲು ಒಳಗಿನಿಂದ ತೆರೆಯಿತು.

ಬೀಳುವಂತಿದ್ದ ಕಚೇರಿಯ ಕಟ್ಟಡವು ದುರಸ್ತಿಯಾಗಿ 2003ರಲ್ಲಿ ಮತ್ತೆ ತೆರೆಯಿತು. ಈಗ ಅದರಲ್ಲಿ ಊರಿನ ಪುಸ್ತಕಾಲಯವಿದೆ, ಉತ್ಸವದ ಸಭೆಗಳೂ ಅಲ್ಲಿ ಸೇರುತ್ತವೆ. 2020ರಲ್ಲಿ ಮಹಾಮಾರಿಯ ಕಾರಣದಿಂದ ಉತ್ಸವವನ್ನು ಅಂತರಜಾಲದ ಮೂಲಕವೇ ನಡೆಯಿಸಬೇಕಾಯಿತು. ಭಾಷಣಗಳನ್ನು ಎಷ್ಟೋ ದೇಶಗಳ ಜನರು ತಮ್ಮ ಮನೆಗಳಲ್ಲಿಯೇ ಕುಳಿತು ಕೇಳಬಹುದಾಗಿದ್ದಿತು. ಚೌಕದಲ್ಲಿ ಮಾತ್ರ ಡೇರೆಗಳಿರಲಿಲ್ಲ, ಕುರ್ಚಿ ಹೊರುವವರಿಗೆ ಕೆಲಸವಿರಲಿಲ್ಲ, ನಿಲ್ದಾಣದಿಂದ ಅತಿಥಿಗಳನ್ನು ಕರೆತರಬೇಕಾಗಿರಲಿಲ್ಲ. ತರುವಾಯದ ವರ್ಷಗಳಲ್ಲಿ ಡೇರೆಗಳು ಮತ್ತೆ ಎದ್ದುವು. ಬಾಗಿಲಲ್ಲಿ ಟಿಕೀಟು ನೋಡಲು ಊರವರು ಮತ್ತೆ ಬಂದು ನಿಂತರು.