ಕಡಲಿನ ಉಷ್ಣತೆ, ಮುಂಗಾರು ಮತ್ತು ವ್ಯಾಪಾರದ ಉದ್ದರಿ

ಪ್ರತಿ ವರ್ಷ ಏಪ್ರಿಲ್ ತಿಂಗಳಿನಲ್ಲಿ ಭಾರತ ಹವಾಮಾನ ಇಲಾಖೆಯು ಮುಂಗಾರಿನ ಮೊದಲ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಬೀಜ, ಗೊಬ್ಬರ ಹಾಗೂ ಪಂಪ್‌ಸೆಟ್ ವ್ಯವಹಾರದವರು ದಾಸ್ತಾನು ಮತ್ತು ಉದ್ದರಿಯ ಪ್ರಮಾಣವನ್ನು ನಿರ್ಧರಿಸುವುದೂ ಸರಿಸುಮಾರು ಅದೇ ವೇಳೆಯಲ್ಲಿ. ಆದ್ದರಿಂದ ಆ ಮುನ್ಸೂಚನೆಯ ಆಧಾರವನ್ನೂ ಮಿತಿಯನ್ನೂ ಅರಿಯುವುದು ಅವಶ್ಯಕ.

ಸಾಮಾನ್ಯ ವರ್ಷಗಳಲ್ಲಿ ಸಮಭಾಜಕ ವೃತ್ತದ ಆಸುಪಾಸಿನ ವಾಣಿಜ್ಯ ಮಾರುತಗಳು ಶಾಂತಸಾಗರದ ಬೆಚ್ಚನೆಯ ನೀರನ್ನು ಇಂಡೋನೇಷ್ಯಾದ ಕಡೆಗೆ ತಳ್ಳುತ್ತವೆ. ಮಾರುತಗಳು ಕುಗ್ಗಿದರೆ ಆ ನೀರು ಪೂರ್ವಕ್ಕೆ ಸರಿಯುತ್ತದೆ. ಅದರಿಂದ ಮಾರುತಗಳು ಮತ್ತಷ್ಟು ಕುಗ್ಗುತ್ತವೆ. ಇದೇ ಎಲ್ ನಿನೊ. ಮಳೆಮೋಡಗಳೂ ಪೂರ್ವಕ್ಕೆ ಸರಿಯುವುದರಿಂದ ಭಾರತದಲ್ಲಿ ಮುಂಗಾರು ಕ್ಷೀಣಿಸುವ ಸಂಭವ ಹೆಚ್ಚುತ್ತದೆ.

1904ರಿಂದ 1924ರವರೆಗೆ ಭಾರತದ ವೀಕ್ಷಣಾಲಯಗಳ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್, ಶಾಂತಸಾಗರ ಹಾಗೂ ಹಿಂದೂ ಮಹಾಸಾಗರಗಳ ವಾಯುಭಾರವು ಒಂದೆಡೆ ಏರಿದಾಗ ಇನ್ನೊಂದೆಡೆ ಇಳಿಯುವುದನ್ನು ಗುರುತಿಸಿದರು. 1969ರಲ್ಲಿ ಜೇಕಬ್ ಬ್ಯರ್ಕ್ನೆಸ್ ಈ ಏರಿಳಿತವನ್ನು ಕಡಲಿನ ಉಷ್ಣತೆಯೊಡನೆ ಜೋಡಿಸಿದರು. 1985ರಿಂದ 1994ರವರೆಗೆ ನಡೆದ ‘ಟೋಗಾ’ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಕಾಲದಲ್ಲಿ, ಶಾಂತಸಾಗರದ ಉದ್ದಕ್ಕೂ ಸುಮಾರು 70 ತೇಲುವ ಮಾಪನ ಯಂತ್ರಗಳನ್ನು ಲಂಗರು ಹಾಕಿ ನಿಲ್ಲಿಸಲಾಯಿತು.

ಆದರೆ ಎಲ್ ನಿನೊ ಬಂದ ಮಾತ್ರಕ್ಕೆ ಬರ ನಿಶ್ಚಿತವಲ್ಲ. 1997ರಲ್ಲಿ ಅತಿ ಪ್ರಬಲ ಎಲ್ ನಿನೊ ಇದ್ದರೂ ದೇಶದಲ್ಲಿ ದೀರ್ಘಾವಧಿ ಸರಾಸರಿಯ ಶೇ. 102ರಷ್ಟು ಮಳೆಯಾಯಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ ಪೂರ್ವ ಭಾಗ ತಣ್ಣಗಾದದ್ದು ಆಗ ಮುಂಗಾರಿಗೆ ನೆರವಾಯಿತೆಂಬುದು ವಿಜ್ಞಾನಿಗಳ ವಿವರಣೆ. ಇದಕ್ಕೆ ವಿರುದ್ಧವಾಗಿ, 2002ರಲ್ಲಿ ಶೇ. 101ರ ಮುನ್ಸೂಚನೆಯಿದ್ದರೂ ಸುರಿದದ್ದು ಶೇ. 81 ಮಾತ್ರ.

2023ರ ಅನುಭವ ವರ್ತಕರಿಗೆ ಇನ್ನೂ ಉಪಯುಕ್ತ. ಏಪ್ರಿಲ್‌ನಲ್ಲಿ ಶೇ. 96ರ ಮುನ್ಸೂಚನೆಯಿತ್ತು, ಋತುವಿನ ಮಳೆ ಶೇ. 94ರಷ್ಟಾಯಿತು. ಮೊತ್ತ ಬಹುಮಟ್ಟಿಗೆ ಸರಿಹೊಂದಿದರೂ ಆಗಸ್ಟ್ ಒಂದರಲ್ಲೇ ಶೇ. 36ರಷ್ಟು ಕೊರತೆಯಾಯಿತು. ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಆಗಸ್ಟ್ ಮಳೆ ಕಡಿಮೆಯಾಗುವ ಸಂಭವವನ್ನು ಇಲಾಖೆಯು ಜುಲೈ ಅಂತ್ಯದಲ್ಲೇ ತಿಳಿಸಿತ್ತು.

ಏಪ್ರಿಲ್‌ನ ಅಂಕಿಯನ್ನು ಲೆಕ್ಕಪರಿಶೋಧನೆಗೆ ಮುನ್ನಿನ ತಾತ್ಕಾಲಿಕ ಲೆಕ್ಕದಂತೆ ಪರಿಗಣಿಸುವುದು ಸೂಕ್ತ. ವಸಂತಕಾಲದಲ್ಲಿ ಎಲ್ ನಿನೊದ ಮುನ್ಸೂಚನೆಯೇ ಅಷ್ಟು ವಿಶ್ವಾಸಾರ್ಹವಲ್ಲ. ಖರೀದಿಯನ್ನು ಎರಡು ಮೂರು ಕಂತುಗಳಲ್ಲಿ ಮಾಡಿ, ಮೇ ಅಂತ್ಯದ ಪರಿಷ್ಕೃತ ಮುನ್ಸೂಚನೆಯನ್ನೂ ನಂತರದ ಮಾಸಿಕ ಮುನ್ಸೂಚನೆಗಳನ್ನೂ ನೋಡಿ ಉದ್ದರಿಯ ಮಿತಿಯನ್ನು ಪುನರ್‌ವಿಮರ್ಶಿಸಿದಲ್ಲಿ, ಮಳೆ ತಪ್ಪಿದ ವರ್ಷದಲ್ಲೂ ದುಡಿಮೆಯ ಬಂಡವಾಳ ವಸೂಲಾಗದ ಬಾಕಿಯಲ್ಲಿ ಸಿಲುಕುವ ಅಪಾಯ ಕಡಿಮೆಯಾಗುತ್ತದೆ.